ಏಡಿಯ ಪರೀಕ್ಷೆ

ಹಳ್ಳದ ದಂಡೆಯಲ್ಲಿ ಪಳೆಯುಳಿಕೆಗಳನ್ನು ಕೂಡಿಡುತ್ತಿದ್ದ ಏಡಿಗೆ ತನ್ನ ಪರೀಕ್ಷೆಯ ಮೇಲೆ ಬಲು ನಂಬಿಕೆ. ಸಿಕ್ಕ ಚಿಪ್ಪನ್ನು ಮುಂಗಾಲಿನಿಂದ ಮೂರು ಸಲ ತಟ್ಟುವುದು. ಒಳಗಿನಿಂದ ಉತ್ತರ ಬರದಿದ್ದರೆ ಕಲ್ಲಾಗಿದೆ ಎಂದು ಸಾಲಿಗೆ ಸೇರಿಸುವುದು.

ಒಂದು ಬೆಳಿಗ್ಗೆ ಅದು ಬಸವನಹುಳುವೊಂದರ ಚಿಪ್ಪನ್ನು ತಟ್ಟಿತು. ದೂರದಲ್ಲಿ ಕೊಕ್ಕರೆಯನ್ನು ಕಂಡು ಒಳಗೆ ಮುದುಡಿಕೊಂಡಿದ್ದ ಹುಳು ಉಸಿರೆತ್ತಲಿಲ್ಲ.

"ಲಕ್ಷ ವರ್ಷ ಹಳೆಯದು," ಎಂದು ಏಡಿ ಅದನ್ನು ಸಾಲಿನ ಕೊನೆಯಲ್ಲಿಟ್ಟಿತು.

ಅಷ್ಟರಲ್ಲಿ ಕೊಕ್ಕರೆ ಬಂದಿತು. "ಏಡಿಯಪ್ಪ, ಆ ಕೊನೆಯದು ಈಗ ಅಲುಗಿದ ಹಾಗಿತ್ತಲ್ಲ?"

ಅಲುಗಿದ್ದನ್ನು ಏಡಿಯೂ ನೋಡಿತ್ತು. ಆದರೆ ತಪ್ಪೊಪ್ಪಿಕೊಳ್ಳುವುದು ಅದರ ಜಾಯಮಾನವಲ್ಲ. ಬಿಲದ ಬಾಯಲ್ಲೇ ನಿಂತು, "ನಾನು ಕಲ್ಲು ಎಂದದ್ದು ಅಲುಗುವುದಿಲ್ಲ. ಬೇಕಾದರೆ ಕುಕ್ಕಿ ನೋಡಿ, ಕೊಕ್ಕು ಮುರಿದರೆ ನನ್ನನ್ನು ಕೇಳಬೇಡಿ," ಎಂದಿತು.

ಹೋದ ವಾರ ಅದೇ ಸಾಲಿನಲ್ಲಿ ಕೊಕ್ಕು ನೋಯಿಸಿಕೊಂಡಿದ್ದ ಕೊಕ್ಕರೆ ಹಾರಿಹೋಯಿತು.

ಹುಳು ತಲೆ ಹೊರಹಾಕಿತು. "ನನಗಾಗಿ ಸುಳ್ಳು ಹೇಳಿದಿರಿ ಅಯ್ಯಾ. ದೊಡ್ಡ ಉಪಕಾರವಾಯಿತು."

"ಸುಳ್ಳೆಲ್ಲಿ ಹೇಳಿದೆ? ನೀನು ಕಲ್ಲೇ. ಬಾಯಿ ಮುಚ್ಚಿಕೊಂಡು ಸಾಲಿನಲ್ಲಿರು."

"ಆಗಲಿ. ಆದರೆ ಹೆದರಿದವರೂ ಉತ್ತರ ಕೊಡುವುದಿಲ್ಲ, ನೋಡಿ."

ಏಡಿ ಕೇಳಿಸಲೇ ಇಲ್ಲವೆಂಬಂತೆ ಬಿಲ ಹೊಕ್ಕಿತು. ಹುಳು ಹೊರಟುಹೋದ ಮೇಲೆ ಮೆಲ್ಲನೆ ಹೊರಬಂದು, ಮೊದಲ ಚಿಪ್ಪಿನಿಂದ ಹಿಡಿದು ಒಂದೊಂದನ್ನೂ ಮತ್ತೆ ತಟ್ಟಿತು. ಈ ಸಲ ಪ್ರತಿಯೊಂದರ ಬಳಿಯೂ ತುಸು ಹೊತ್ತು ಕಾದಿತು.