ಆರಿದ ದೀಪದ ಸಾಕ್ಷಿ

ನಮ್ಮ ಭುಜಂಗರಾಯರ ಹ್ಯಾಮ್ ರೇಡಿಯೋದ ಆಂಪ್ಲಿಫೈಯರ್ ಸಾಮಾನ್ಯದ್ದೆಂದುಕೊಂಡಿರಾ? ರಾಯರು ಇಲ್ಲಿ ಕೆಮ್ಮಿದರೆ ಸಾಕು, ಬ್ರೆಜಿಲ್‌ನವರು ಅಲ್ಲಿ ಕಷಾಯಕ್ಕಿಡುತ್ತಿದ್ದರು! ಅದರೊಳಗೆ ಸಾವಿರಾರು ವೋಲ್ಟ್ ಕುಡಿದು ಕೂರುವ ದಪ್ಪ ಕೆಪಾಸಿಟರ್ ಇತ್ತು. ಸ್ವಿಚ್ ಆರಿಸಿದ ಮೇಲೆ ಅದು ಕುಡಿದದ್ದನ್ನು ಮೆಲ್ಲಗೆ ಇಳಿಸುವುದು ಪಕ್ಕದ ಪುಟ್ಟ ರೆಸಿಸ್ಟರಿನ ಕೆಲಸ. ಒಂದು ದಿನ ಆ ರೆಸಿಸ್ಟರ್ ಒಳಗೇ ಸುಟ್ಟುಹೋಯಿತು. ರೇಡಿಯೋ ಎಂದಿನಂತೆ ಗರ್ಜಿಸುತ್ತಲೇ ಇದ್ದುದರಿಂದ ರಾಯರಿಗೆ ಗೊತ್ತಾಗಲಿಲ್ಲ.

ಧೂಳು ಒರೆಸಲೆಂದು ರಾಯರು ಸ್ವಿಚ್ ಆರಿಸಿ ಮುಚ್ಚಳ ಬಿಚ್ಚತೊಡಗಿದರು. ಉಳಿದ ವಿದ್ಯುತ್ತನ್ನು ನೆಲಕ್ಕಿಳಿಸಲೆಂದು ಗೋಡೆಯ ಮೊಳೆಯಲ್ಲಿ ನೇತುಹಾಕಿದ್ದ ಅರ್ತ್ ತಂತಿಯ ಕೋಲಿಗೆ ಗಾಬರಿಯಾಯಿತು.

"ಮೊದಲು ನನ್ನನ್ನು ಕೆಪಾಸಿಟರಿಗೆ ಮುಟ್ಟಿಸಲಿ. ಅದರ ಹೊಟ್ಟೆ ಇನ್ನೂ ತುಂಬಿದೆ!"

ಮುಂಭಾಗದ ಕೆಂಪು ದೀಪ ನಕ್ಕಿತು. "ನಾನು ಆರಿದ್ದೇನೆ, ಕಾಣದೇ? ಕೋಲು ಹಿಡಿಯುವುದು ಹೊಸಬರು. ರಾಯರು ಇಷ್ಟು ವರ್ಷ ನನ್ನ ಮುಖ ನೋಡಿಯೇ ಕೈಯಿಟ್ಟಿದ್ದಾರೆ. ಒಮ್ಮೆಯಾದರೂ ನನ್ನ ಮಾತು ಸುಳ್ಳಾಯಿತೇ?"

"ನಿನಗೆ ತಿಳಿದದ್ದು ಸ್ವಿಚ್ಚಿನ ಸುದ್ದಿ ಮಾತ್ರ. ಒಳಗನ್ನು ಖಾಲಿ ಮಾಡಿ ನಿನ್ನ ಮಾತನ್ನು ನಿಜ ಮಾಡುತ್ತಿದ್ದುದು ಆ ರೆಸಿಸ್ಟರ್. ಅದು ಸತ್ತಿದೆ ಕಣೋ!"

"ಸತ್ತಿದ್ದರೆ ನನಗೆ ಹೇಳುತ್ತಿರಲಿಲ್ಲವೇ?" ಎಂದಿತು ದೀಪ.

"ದೀಪ ಆರಿದೆ, ಇನ್ನೇನು ಭಯ" ಎನ್ನುತ್ತ ರಾಯರು ಕೈಯಿಟ್ಟರು. ಕೆಪಾಸಿಟರ್ ಒಂದೇ ಏಟಿಗೆ ಖಾಲಿಯಾಯಿತು. ರಾಯರು ಏಳಲಿಲ್ಲ.

ಕೋಲು ಮೊಳೆಯಲ್ಲೇ ನೇತಾಡುತ್ತಿತ್ತು. ದೀಪ ಹೇಳಿತು: "ಆರಿದ್ದೇನೆ ಎಂದೆ, ಆರಿಯೇ ಇದ್ದೆ. ನನ್ನದೇನು ತಪ್ಪು?"

ಬ್ರೆಜಿಲ್‌ನವರು ಇನ್ನೂ ಆ ಕೆಮ್ಮಿಗಾಗಿ ಕಾಯುತ್ತಿದ್ದಾರೆ.