ಓಗಲ್ಲಿನ ಅಭಯ

ನೀರಗುಂದಿಯಿಂದ ಮೂಡಲಿಗೆ ಒಂದು ಹರದಾರಿ ನಡೆದರೆ ಬೋಳು ಬಂಡೆಗಳ ಗುಡ್ಡವೊಂದು ಸಿಗುತ್ತದೆ. ಬುಡದಲ್ಲಿ ತಗಡಿನ ಫಲಕವಿದೆ, ಅದರ ಮೇಲೆ ‘ಹೂಗಲ್ಲು’ ಎಂದು ಬರೆದಿದೆ. ಬರೆದ ಪುಣ್ಯಾತ್ಮನಿಗೆ ಅಲ್ಲಿ ಯಾವ ಹೂವು ಕಂಡಿತೋ ನಾನರಿಯೆ. ಕತ್ತಾಳೆ, ಪಾಪಸುಕಳ್ಳಿ ಬಿಟ್ಟರೆ ಅಲ್ಲಿ ಹುಲ್ಲುಕಡ್ಡಿಯೂ ಚಿಗುರುವುದಿಲ್ಲ. ನಮ್ಮ ಕಡೆ ಹುಟ್ಟಿದ ಯಾರನ್ನೇ ಕೇಳಿ, ಓಗಲ್ಲು ಎನ್ನುತ್ತಾರೆ. ಕರೆದರೆ ‘ಓ’ ಎನ್ನುವ ಕಲ್ಲು, ಅದಕ್ಕೇ ಓಗಲ್ಲು. ಮಟಮಟ ಮಧ್ಯಾಹ್ನ ಅಲ್ಲಿ ಗಾಳಿಯೂ ಅಲುಗದು. ಬಂಡೆಗಳ ಸಂದಿಯಲ್ಲಿ ಯಾರೋ ಉಸಿರು ಬಿಗಿಹಿಡಿದು ಕೂತಿದ್ದಾರೆ ಅನ್ನಿಸಿ ಮೈ ಜುಂ ಎನ್ನುತ್ತದೆ.

ಹಿಂದೆ ಒಮ್ಮೆ ನೀರಗುಂದಿಯ ಗದ್ದುಗೆಗಾಗಿ ಅಣ್ಣತಮ್ಮಂದಿರು ಕಾದಾಡಿದರು. ನಾಡು ಎರಡಾಯಿತು; ಒಂದೇ ಬಾವಿಯ ನೀರು ಕುಡಿದವರು ಒಬ್ಬರನ್ನೊಬ್ಬರು ಇರಿದರು. ಮೂರು ವರ್ಷದ ಮೇಲೆ ತಮ್ಮ ಸತ್ತ, ಅಣ್ಣ ಬೊಮ್ಮಣ್ಣನಾಯಕ ಗೆದ್ದ. ತಮ್ಮನ ಪರ ಕತ್ತಿ ಹಿಡಿದಿದ್ದವರಲ್ಲಿ ಉಳಿದ ಮೂವತ್ತೆರಡು ಮಂದಿ ಈ ಗುಡ್ಡದ ಗವಿಗಳಲ್ಲಿ ಅಡಗಿದರು. ಉಳುವವರಿಲ್ಲದೆ ಹೊಲಗಳು ಹಾಳುಬಿದ್ದುದನ್ನು ಕಂಡು ನಾಯಕನಿಗೆ ಸಾಕೆನಿಸಿತೋ, ತಮ್ಮನ ನೆನಪು ಚುಚ್ಚಿತೋ, ಅಂತೂ ಅಭಯ ಸಾರಿಸಿದ. ಗುಡ್ಡದ ಮೇಲೆ ನಿಂತು ಒಬ್ಬೊಬ್ಬರ ಹೆಸರನ್ನೂ ಕೂಗಿಸುತ್ತೇನೆ; ಓಗೊಟ್ಟವನ ಅಪರಾಧ ಮನ್ನಾ, ಮನೆ ಹೊಲ ಅವನವೇ. ಹೊತ್ತು ಮುಳುಗುವುದರೊಳಗೆ ಓಗೊಡದವನು ಸಿಕ್ಕಲ್ಲಿ ತಲೆ ಹೊಡೆಸುತ್ತೇನೆ, ಅವನ ಮನೆ ಕೆಡವಿ ಹೆಂಡತಿ ಮಕ್ಕಳನ್ನು ಗಡಿಯಾಚೆ ಅಟ್ಟಿಸುತ್ತೇನೆ. ಹೀಗೆ ಅವನ ಮಾತು.

ಹೆಸರು ಕೂಗಲು ಹೋದವನು ತಳವಾರ ದುರುಗ. ಪಟ್ಟಿ ಹಿಡಿದು ಜೊತೆಗೆ ಹೋದವನು ಪರಸೀಮೆಯಿಂದ ಬಂದು ಅರಮನೆ ಸೇರಿದ್ದ ಬರಹಗಾರ. ದುರುಗ ಒಂದೊಂದು ಹೆಸರನ್ನೂ ಒಂದೊಂದೇ ಸಲ ಕೂಗಿದ. ಗುಡ್ಡ ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲಿಂದ ಎಂದೀತು? ನಮ್ಮ ಸೀಮೆಯಲ್ಲಿ ಬಯಲಲ್ಲಿ ನಿಂತು ಒಂದೇ ಕರೆಗೆ ಓ ಎನ್ನುವ ಹುಚ್ಚ ಅಂದೂ ಇರಲಿಲ್ಲ, ಇಂದೂ ಇಲ್ಲ. ಮಾರಿ ಗುರುತಿನವರ ದನಿಯಲ್ಲೇ ಕರೆಯುತ್ತಾಳೆ, ಆದರೆ ಒಂದೇ ಸಲ. ಓ ಎಂದವನ ಉಸಿರು ಆ ಓ ಜೊತೆಗೇ ಹೋಗುತ್ತದೆ. ಮೂರು ಸಲ ಕರೆದರೆ ಮನುಷ್ಯರು. ಬರಹಗಾರನಿಗೆ ಇದೆಲ್ಲಿ ಗೊತ್ತು! ದುರುಗನಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಕೋಟೆ ಬಾಗಿಲ ಕಾಳಗದಲ್ಲಿ ಎದುರು ಕಡೆಯ ಮಾರಣ್ಣನನ್ನು ಈಟಿಯಿಂದ ಇರಿದು ಕೊಂದವನು ಅವನೇ. ಮಾರಣ್ಣನ ನೆಂಟರು ಜೀವಂತ ಇಳಿದು ಬಂದರೆ ತನ್ನನ್ನು ಉಳಿಸಿಯಾರೇ ಎಂಬ ಭಯ ಅವನಿಗೆ.

ಆಗ ಕೂಸನ್ನು ಸೊಂಟಕ್ಕೇರಿಸಿಕೊಂಡು ಏದುಸಿರು ಬಿಡುತ್ತ ಹತ್ತಿ ಬಂದಳು ಗಾದ್ರವ್ವ. ಆ ಮಾರಣ್ಣನ ತಂಗಿ. ಗವಿಯಲ್ಲಿದ್ದ ಪಾಲಯ್ಯನ ಹೆಂಡತಿ.

“ದುರುಗಣ್ಣಾ, ಹೊಲದಾಗೆ ನಿನ್ನ ಹೆಂಡ್ತಿ ಒಂದೇ ಸಲ ಕೂಗಿದ್ರೆ ನೀನು ಓ ಅಂತೀಯೇನು? ಮೂರು ಸಲ ಕರಿಯೋ, ಕಾಲಿಗೆ ಬೀಳ್ತೀನಿ. ಅಣ್ಣನ್ನ ಮಣ್ಣು ಮಾಡಿ ಬಂದೀನಿ, ಗಂಡನ್ನೂ ಕಳಕೊಳ್ಳಲಾರೆ.”

ಅಣ್ಣನನ್ನು ಕೊಂದವನ ಕಾಲನ್ನೇ ಹಿಡಿಯಬೇಕಾಯಿತಲ್ಲ, ಆ ಹೆಣ್ಣುಮಗಳ ಕರ್ಮವೇ! ದುರುಗನಿಗೆ ಅವಳ ಮುಖ ನೋಡಲಾಗಲಿಲ್ಲ. ಮತ್ತೆ ಮೊದಲಿಂದ ಶುರುಮಾಡಿ ಮೂರು ಮೂರು ಸಲ ಕೂಗಿದ. ಮೂರನೆಯ ಕೂಗಿಗೆ ಬಂಡೆಗಳ ನಡುವಿಂದ “ಓ” ಎಂದು ಬಂತು. ಇನ್ನೊಂದು ಹೆಸರು, ಇನ್ನೊಂದು ಓ. ಬರಹಗಾರ ಖುಷಿಯಿಂದ ಗುರುತು ಹಾಕಿಕೊಳ್ಳುತ್ತಿದ್ದ. ಐದನೆಯ ಹೆಸರಿಗೆ ಗಾದ್ರವ್ವ ತಟ್ಟನೆ ತಲೆಯೆತ್ತಿದಳು. ಹೆಸರು ಬೇರೆ ಬೇರೆ, ದನಿ ಒಂದೇ. ಅದು ಅವಳು ಕೈಯಾರೆ ಮಣ್ಣು ಹಾಕಿ ಬಂದಿದ್ದ ಮಾರಣ್ಣನ ದನಿ. ದುರುಗನೂ ಆ ದನಿಯನ್ನು ಮರೆತಿರಲಿಲ್ಲ. ಅದರ ಕಡೆಯ ಕೂಗು ಕೇಳಿದವನೇ ಅವನು. ಇದು ಸತ್ತವನ ದನಿ ಎಂದು ಅವನು ಒಂದು ಮಾತು ಅಂದಿದ್ದರೆ ಮೂವತ್ತೆರಡು ಮನೆ ನೆಲಸಮವಾಗುತ್ತಿದ್ದವು. ಅವನು ಗಾದ್ರವ್ವನ ಕಡೆ ನೋಡಿದ. ಅವಳು ಕೂಸನ್ನು ಅವಚಿಕೊಂಡು, “ಕರಿ, ದುರುಗಣ್ಣಾ,” ಎಂದಳು. ಅವನು ಕರೆದ. ಪಾಲಯ್ಯನ ಹೆಸರಿಗೂ ಅದೇ ದನಿ ಓ ಎಂದಿತು.

ಹೆಸರುಗಳು ಮುಗಿದವು. ಬರಹಗಾರ ಪಟ್ಟಿಗೆ ಅರಮನೆಯ ಮುದ್ರೆ ಒತ್ತಿ ಎಲ್ಲರಿಗೂ ಮನ್ನಾ ಎಂದು ಸಾರಿದ ಮೇಲೆ ಗವಿಗಳಿಂದ ಒಬ್ಬೊಬ್ಬರೇ ಹೊರಬಂದರು, ಪಾಲಯ್ಯ ಎಲ್ಲರಿಗಿಂತ ಮುಂದೆ. ಅವನು ಹೆಂಡತಿಯ ಕಿವಿಯಲ್ಲಿ ಹೇಳಿದ್ದಿಷ್ಟು: “ಮೋಸ ಇದ್ದೀತು ಅಂತ ನಾವ್ಯಾರೂ ಬಾಯೇ ಬಿಡಲಿಲ್ಲ ಕಣೇ. ನಿಮ್ಮಣ್ಣ ಗವಿ ಬಾಗಿಲಾಗೆ ಬೆನ್ನು ಮಾಡಿ ನಿಂತಿದ್ದ.”

ಅಷ್ಟರಲ್ಲಿ, ಎಲ್ಲರೂ ಇಳಿದು ಬರಿದಾದ ಗುಡ್ಡದಿಂದ ಅದೇ ದನಿಯ ಕೂಗು ಬಂತು. “ದುರುಗಾ.” ಎಲ್ಲರೂ ನಿಂತಲ್ಲೇ ನಿಂತರು. ದುರುಗ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. “ದುರುಗಾ.” ಅವನು ಹಿಂದೆ ಹಿಂದೆ ಸರಿದ. “ದುರುಗಾ.” ಗಾದ್ರವ್ವ ಅವನ ಬೆನ್ನ ಮೇಲೆ ಕೈಯಿಟ್ಟಳು.

“ಮೂರಾಯ್ತಲ್ಲಣ್ಣ. ಓ ಅನ್ನು.”

“ಓ” ಎಂದವನೇ ದುರುಗ ಕುಸಿದು ಕೂತು ಮಗುವಿನ ಹಾಗೆ ಅತ್ತ. ಅವನಿಗೆ ಏನೂ ಆಗಲಿಲ್ಲ, ತುಂಬುಬಾಳು ಬಾಳಿದ ಎನ್ನುತ್ತಾರೆ.

ದುರುಗ ನಿಂತು ಹೆಸರು ಕೂಗಿದ ಬಂಡೆ ಈಗಲೂ ಇದೆ, ಇಬ್ಬರು ನಿಲ್ಲುವಷ್ಟು ಸಪಾಟು. ನೋಡಲು ಬಂದವರು ಅದನ್ನೇರಿ ತಮ್ಮ ತಮ್ಮ ಹೆಸರು ಕೂಗಿ ನಗುತ್ತಾರೆ. ಒಂದು ಸಲ ಕೂಗುತ್ತಾರೆ, ಎರಡು ಸಲ ಕೂಗುತ್ತಾರೆ. ಮೂರನೆಯ ಸಲ ಕೂಗಿದವರನ್ನು ನಾನಂತೂ ಇನ್ನೂ ಕಂಡಿಲ್ಲ.