ದ್ಯಾವಮ್ಮನ ವಿಸ್ಟೀರಿಯಾ

ತಂಪು ಬೆಟ್ಟದ ಬುಡದ ಒಂದು ಕಾಡಿನಲ್ಲಿ ದ್ಯಾವಮ್ಮ ಎಂಬ ಮುದಿ ಮುಳ್ಳುಹಂದಿ ಇದ್ದಳು. ಅವಳ ಬಿಲ ಸದಾ ತೇವ. ಪಾಪ, ಬೆಳಗಾದರೆ ಮಂಡಿನೋವು. ಆದರೂ ಅವಳದು ನಗುಮುಖವೇ. ಅದಕ್ಕೆ ಕಾರಣ ಬಿಲದ ಬಾಗಿಲಲ್ಲಿದ್ದ ಮಣ್ಣಿನ ಕುಂಡ, ಅದರಲ್ಲಿದ್ದ ವಿಸ್ಟೀರಿಯಾ. ಹಾಗೇ ಬಿಟ್ಟರೆ ದೊಡ್ಡ ಮರವನ್ನೇ ಮುಚ್ಚಿಬಿಡುವ ಬಳ್ಳಿ ಅದು. ದ್ಯಾವಮ್ಮ ಅದನ್ನು ಪುಟ್ಟ ಮರದ ಹಾಗೆ ಕುಂಡದಲ್ಲೇ ಬೆಳೆಸಿದ್ದಳು. ಪ್ರತಿ ವರ್ಷ ಹೂ ಉದುರಿದ ಮೇಲೆ ಉದ್ದ ಕುಡಿಗಳನ್ನು ಹಲ್ಲಿನಿಂದ ಕತ್ತರಿಸುತ್ತಿದ್ದಳು. ವಸಂತದಲ್ಲಿ ಗಿಡದ ತುಂಬ ನೇರಳೆ ಗೊಂಚಲು ಜೋತಾಡುತ್ತಿದ್ದವು.

ಆ ವರ್ಷ ಕಾಡಿನ ಹಿರಿಯಳಾದ ಆನೆ ದೊಡ್ಡಮ್ಮ ಡಂಗುರ ಸಾರಿಸಿದಳು. ವಸಂತದ ಹಬ್ಬದ ದಿನ ಯಾರ ಕುಂಡದಲ್ಲಿ ಚೆಂದದ ಹೂ ಇರುತ್ತದೋ ಅವರಿಗೆ ಬಿಸಿಲುಬಂಡೆಯ ಬೆಚ್ಚನೆಯ ಗುಹೆ. ದ್ಯಾವಮ್ಮನ ಜೀವಕ್ಕೆ ಹಾಯೆನಿಸಿತು. ಆ ಗುಹೆ ಸಿಕ್ಕರೆ ಮಂಡಿಗೆ ಬಿಸಿಲಾದರೂ ಸಿಗುತ್ತದೆ!

ನರಿ ಕೆಂಚಪ್ಪನಿಗೂ ಆ ಗುಹೆಯ ಮೇಲೆ ಕಣ್ಣು. ಅವನ ಬಳಿಯೂ ಅದೇ ಬಳ್ಳಿಯಿತ್ತು. ಗೊಬ್ಬರ ಸುರಿದಿದ್ದೇ ಸುರಿದಿದ್ದು, ಬಂದದ್ದು ಮಾತ್ರ ಬರೀ ಎಲೆ. ಹಬ್ಬ ಹತ್ತಿರವಾದಾಗ, ದ್ಯಾವಮ್ಮ ನೀರಿಗೆ ಹೋದ ಹೊತ್ತು ನೋಡಿ, ಅವಳ ಕುಂಡವನ್ನು ಎತ್ತಿಕೊಂಡು ಹೋದ. ತನ್ನ ಎಲೆಯ ಕುಂಡವನ್ನು ಅಲ್ಲಿಟ್ಟ.

ಕೆಂಚಪ್ಪ ತನ್ನ ಬಿಲಕ್ಕೆ ಬಂದು ನೋಡಿದರೆ ಕದ್ದ ಗಿಡದ ಗಿಡ್ಡ ಕಡ್ಡಿಗಳ ಮೇಲೆಲ್ಲ ಉಬ್ಬಿದ ಗಂಟುಗಳು. ಮುದುಕಿ ಕತ್ತರಿಸಿದಷ್ಟೂ ಹೂ ಬರುವುದನ್ನು ಅವನು ಪೊದೆಯ ಮರೆಯಿಂದ ಕಂಡಿದ್ದ. ಇನ್ನಷ್ಟು ಕತ್ತರಿಸಿದರೆ ಇನ್ನಷ್ಟು ಹೂ ಎಂದುಕೊಂಡು ಗಂಟುಗಳನ್ನೆಲ್ಲ ಕಚ್ಚಿ ಕಚ್ಚಿ ತೆಗೆದ. ಎಂಥ ಬುದ್ಧಿವಂತ ನೋಡಿ!

ಹಬ್ಬದ ದಿನ ಅವನು ತಂದಿಟ್ಟ ಕುಂಡದಲ್ಲಿ ಒಂದೇ ಒಂದು ಹೂವಿರಲಿಲ್ಲ. ಕಳೆದ ಕುಂಡವನ್ನು ಹುಡುಕುತ್ತಲೇ ಇದ್ದ ದ್ಯಾವಮ್ಮ ನೋಡಿದೊಡನೆ ತನ್ನ ಗಿಡವೆಂದು ಗುರುತಿಸಿದಳು. ಕೆಂಚಪ್ಪ ಒಪ್ಪಲಿಲ್ಲ, ತಾನೇ ನೆಟ್ಟು ಬೆಳೆಸಿದ್ದೆಂದು ವಾದಿಸಿದ.

“ಆಯ್ತಪ್ಪ, ನಿನ್ನದೇ ಇರಲಿ. ಇದನ್ನ ಯಾವಾಗ ಕತ್ತರಿಸ್ತೀಯ, ಹೇಳು” ಎಂದಳು ದ್ಯಾವಮ್ಮ.

“ಹಬ್ಬ ಹತ್ತಿರ ಬಂದಾಗ, ಅಜ್ಜಿ. ಮೈಯೆಲ್ಲ ಗಂಟು ಗಂಟಾಗಿತ್ತು. ತೆಗೆದು ನುಣ್ಣಗೆ ಮಾಡಿದೆ.”

“ಅದು ಗಂಟಲ್ಲವೋ, ಮೊಗ್ಗು. ಗುಹೆಯನ್ನೇ ಕಚ್ಚಿ ಬಿಸಾಡಿದ್ದೀಯಲ್ಲೋ!”

ಅಳಿಲುಗಳು ಬಿದ್ದು ಬಿದ್ದು ನಕ್ಕವು. ಕೆಂಚಪ್ಪನ ಮುಖ ಹುಳ್ಳಗಾಯಿತು. ದೊಡ್ಡಮ್ಮ ಸೊಂಡಿಲೆತ್ತಿ ತೀರ್ಪು ಕೊಟ್ಟಳು. ಗಿಡ ದ್ಯಾವಮ್ಮನದೇ. ಈ ಸಲ ಯಾರ ಕುಂಡವೂ ಗೆಲ್ಲುವಂತಿಲ್ಲ, ಗುಹೆಯ ಮಾತು ಮುಂದಿನ ವಸಂತಕ್ಕೆ. ಅಲ್ಲಿಯವರೆಗೆ ನರಿಯ ಒಣ ಬಿಲದಲ್ಲಿ ದ್ಯಾವಮ್ಮ, ದ್ಯಾವಮ್ಮನ ತೇವದ ಬಿಲದಲ್ಲಿ ನರಿ. ಬೇಸಿಗೆ ಪೂರ್ತಿ ಗಿಡಕ್ಕೆ ನೀರು ಹೊರುವವನೂ ಅವನೇ.

ಕೆಂಚಪ್ಪ ಸೀನುತ್ತಾ ನೀರು ಹೊತ್ತ. ದ್ಯಾವಮ್ಮ ಹೊತ್ತು ನೋಡಿ ಕುಡಿ ಕತ್ತರಿಸಿದಳು. ಮುಂದಿನ ವಸಂತದಲ್ಲಿ ಗೊಂಚಲುಗಳು ಕುಂಡದ ಅಂಚಿನವರೆಗೆ ಇಳಿದವು. ಕಾಡಿಗೆ ಕಾಡೇ ಘಮಘಮಿಸಿತು. ದ್ಯಾವಮ್ಮ ಬಿಸಿಲುಬಂಡೆಯ ಗುಹೆಗೆ ಬಂದು ಕಾಲು ಚಾಚಿ ಕೂತಳು. ಕೆಂಚಪ್ಪ ತನ್ನ ಎಲೆಯ ಕುಂಡವನ್ನು ಹೊತ್ತು ತಂದು ಅವಳ ಮುಂದಿಟ್ಟ.

“ಅಜ್ಜಿ, ಇದನ್ನ ಯಾವಾಗ ಕತ್ತರಿಸಲಿ?” ಎಂದು ಮೆಲ್ಲಗೆ ಕೇಳಿದ.

“ಈಗ ಕೇಳಿದೆಯಲ್ಲ, ಇನ್ನು ನಿನ್ನ ಗಿಡವೂ ಹೂ ಬಿಡುತ್ತೆ. ಕೂತ್ಕೋ, ಹೇಳ್ತೀನಿ” ಎಂದಳು ದ್ಯಾವಮ್ಮ.

ನೀತಿ: ಇನ್ನೊಬ್ಬರು ಬೆಳೆಸಿದ್ದನ್ನು ಕದಿಯಬಹುದು, ಬೆಳೆಸುವ ತಿಳಿವಳಿಕೆಯನ್ನು ಕೇಳಿಯೇ ಕಲಿಯಬೇಕು.